ಕತ್ತಲಿನ ಲೆಕ್ಕ, ಗಂಡಿನ ಫಲವತ್ತತೆ: ಮೆಲಟೋನಿನ್ ಮಾಡೋ ಕೆಲಸ ಏನು?

(ವಾರದ ವಿಜ್ಞಾನ ಪಾಡ್‌ಕಾಸ್ಟ್‌ನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ನಾನು ಪಶುವೈದ್ಯ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವನು. ಮನೆ ಬಾಗಲಗುಂಟೆಯಲ್ಲಿ. ಈ ವಾರ ಈ ವಿಷಯ ತಗೊಳ್ಳೋದಕ್ಕೆ ಇಬ್ಬರು ಕೇಳಿದ ಎರಡು ಪ್ರಶ್ನೆಗಳು ಕಾರಣ.

ಮೊದಲನೆಯವರು ಹೆಸರಘಟ್ಟದ ಕಡೆ ಕುರಿ ಸಾಕಿದ್ದಾರೆ. "ಸಾರ್, ಫಾರಿನ್‌ನಲ್ಲಿ ಟಗರಿಗೆ ಕಿವಿ ಹಿಂದೆ ಮೆಲಟೋನಿನ್ ಅಂತ ಏನೋ ಹಾಕ್ತಾರಂತೆ, ಹಾಕಿದ್ರೆ ಟಗರು ಜೋರಾಗುತ್ತಂತೆ. ನಮ್ಮ ಟಗರಿಗೂ ಹಾಕಿಸಬಹುದಾ?" ಅಂತ ಕೇಳಿದ್ರು.

ಎರಡನೆಯವರು ಪೀಣ್ಯದಲ್ಲಿ ನೈಟ್ ಶಿಫ್ಟ್ ಕೆಲಸ ಮಾಡೋ ಹುಡುಗ. ಹಗಲು ಹೊತ್ತು ನಿದ್ದೆ ಬರಲ್ಲ ಅಂತ ಮೆಡಿಕಲ್ ಸ್ಟೋರಿನಲ್ಲಿ ಮೆಲಟೋನಿನ್ ಮಾತ್ರೆ ತಗೊಂಡು ನುಂಗ್ತಿದ್ದಾರೆ. ಮದುವೆಯಾಗಿ ಎರಡು ವರ್ಷ ಆಯ್ತು, ಮಕ್ಕಳಾಗಿಲ್ಲ. ಮನೆಯವರು ಹೆಂಡತಿಯನ್ನ ಆಸ್ಪತ್ರೆಯಿಂದ ಆಸ್ಪತ್ರೆಗೆ ಕರ್ಕೊಂಡು ಓಡಾಡ್ತಿದ್ದಾರೆ. ಇವರನ್ನ ಯಾರೂ ಏನೂ ಕೇಳಿಲ್ಲ. "ಮೆಲಟೋನಿನ್ ಕೊಟ್ರೆ ಗಂಡು ಪ್ರಾಣಿಗಳ ಬೀಜ ಕುಗ್ಗಿಹೋಗುತ್ತೆ ಅಂತ ಮೊಬೈಲ್‌ನಲ್ಲಿ ಓದಿದೆ ಸಾರ್. ನಿಜಾನಾ? ತೊಂದರೆ ನನ್ನದೇ ಇರಬಹುದಾ?" ಇದು ಅವರ ಪ್ರಶ್ನೆ.

ನೋಡಿ, ವಸ್ತು ಒಂದೇ. ಅದರಿಂದ ಗಂಡು ಜೋರಾಗುತ್ತೆ ಅಂತ ಒಬ್ಬರು ಕೇಳಿದ್ದಾರೆ, ಕುಗ್ಗುತ್ತೆ ಅಂತ ಇನ್ನೊಬ್ಬರು ಓದಿದ್ದಾರೆ. ತಮಾಷೆ ಅಂದ್ರೆ ಎರಡೂ ಸುಳ್ಳಲ್ಲ. ಒಂದು ಟಗರಿನ ಮಾತು, ಇನ್ನೊಂದು ಹ್ಯಾಮ್‌ಸ್ಟರ್ ಅನ್ನೋ ಪುಟ್ಟ ಪ್ರಾಣಿಯ ಮಾತು. ಒಂದೇ ಹಾರ್ಮೋನು ಎರಡು ಪ್ರಾಣಿಗಳಲ್ಲಿ ತದ್ವಿರುದ್ಧ ಕೆಲಸ ಮಾಡೋದು ಹೇಗೆ ಅನ್ನೋದು ಅರ್ಥವಾದ್ರೆ ಇಬ್ಬರಿಗೂ ಉತ್ತರ ಸಿಗುತ್ತೆ.

ನಿದ್ದೆಯ ಹಾರ್ಮೋನ್ ಅಲ್ಲ, ಕತ್ತಲಿನ ಹಾರ್ಮೋನ್

ಮೆದುಳಿನ ನಡುಭಾಗದಲ್ಲಿ ಪಿನಿಯಲ್ ಅಂತ ಒಂದು ಗ್ರಂಥಿ ಇದೆ. ಮನುಷ್ಯರಲ್ಲಿ ಒಂದು ಅಕ್ಕಿಕಾಳಿನಷ್ಟು ಗಾತ್ರ. ಮೆಲಟೋನಿನ್ ತಯಾರಾಗೋದು ಮುಖ್ಯವಾಗಿ ಅಲ್ಲಿ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ ಮತ್ತು ಅವರ ಜೊತೆಗಾರರು ಇದನ್ನ ದನಗಳ ಪಿನಿಯಲ್ ಗ್ರಂಥಿಗಳಿಂದ ಬೇರ್ಪಡಿಸಿದ್ರು. ಲರ್ನರ್ ಚರ್ಮದ ವೈದ್ಯರು. ನಿದ್ದೆಯಾಗಲಿ, ಸಂತಾನವಾಗಲಿ ಅವರ ವಿಷಯವೇ ಅಲ್ಲ. ಅವರು ಹುಡುಕ್ತಿದ್ದದ್ದು ಚರ್ಮದ ಬಣ್ಣ ಬದಲಾಯಿಸೋ ಅಂಶವನ್ನ. ಕಪ್ಪೆಯ ಚರ್ಮವನ್ನ ಇದು ತಿಳಿಯಾಗಿಸ್ತು, ಅದಕ್ಕೇ ಆ ಹೆಸರು. ನಮ್ಮ ಹೆಬ್ಬಾಳದ ಕಾಲೇಜು ಶುರುವಾಗಿದ್ದೂ ಅದೇ 1958ರಲ್ಲಿ ಅನ್ನೋದು ನಂಗೆ ನೆನಪಿಟ್ಟುಕೊಳ್ಳೋಕೆ ಅನುಕೂಲ.

ಈ ಗ್ರಂಥಿಯ ಕೆಲಸ ಬಹಳ ಸರಳ. ಬೆಳಕಿದ್ರೆ ಸುಮ್ಮನಿರುತ್ತೆ, ಕತ್ತಲಾದ್ರೆ ಮೆಲಟೋನಿನ್ ಸುರಿಸುತ್ತೆ. ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ಮೆದುಳಿನಲ್ಲಿರೋ ಮುಖ್ಯ ಗಡಿಯಾರಕ್ಕೆ ಹೋಗುತ್ತೆ. ಅಲ್ಲಿಂದ ಬೆನ್ನುಹುರಿಯ ತನಕ ಇಳಿದು, ಕುತ್ತಿಗೆಯ ನರಗಂಟಿನ ಮೂಲಕ ಮತ್ತೆ ಮೇಲೆ ಹತ್ತಿ ಪಿನಿಯಲ್‌ಗೆ ಬರುತ್ತೆ. ಸುತ್ತುಬಳಸಿನ ದಾರಿ, ಆದ್ರೂ ಸುದ್ದಿ ತಪ್ಪೋದಿಲ್ಲ.

ಇದನ್ನ ನಿದ್ದೆಯ ಹಾರ್ಮೋನ್ ಅಂತ ಕರೀತೀವಿ. ಆದ್ರೆ ನಮ್ಮ ಮೋರಿಯಲ್ಲಿ ರಾತ್ರಿಯೆಲ್ಲಾ ಓಡಾಡೋ ಹೆಗ್ಗಣದ ಜಾತಿಯನ್ನ ನೋಡಿ. ಇಲಿ ರಾತ್ರಿ ಎಚ್ಚರವಾಗಿರೋ ಪ್ರಾಣಿ. ಅದರ ಮೈಯಲ್ಲೂ ಮೆಲಟೋನಿನ್ ಏರೋದು ರಾತ್ರಿಯೇ. ಇದರ ಅರ್ಥ ಏನು? ಈ ಹಾರ್ಮೋನು "ಮಲಗು" ಅಂತ ಹೇಳ್ತಿಲ್ಲ, "ಕತ್ತಲಾಗಿದೆ" ಅಂತ ಹೇಳ್ತಿದೆ ಅಷ್ಟೇ. ಕೇಳಿಸಿಕೊಂಡು ಮಲಗೋದೋ, ಬೇಟೆಗೆ ಹೊರಡೋದೋ ಆಯಾ ಪ್ರಾಣಿಗೆ ಬಿಟ್ಟಿದ್ದು.

ಇನ್ನೊಂದು ವಿಷಯ. ರಾತ್ರಿ ಉದ್ದವಾದ್ರೆ ಮೆಲಟೋನಿನ್ ಹೆಚ್ಚು ಹೊತ್ತು ರಕ್ತದಲ್ಲಿರುತ್ತೆ, ಗಿಡ್ಡವಾದ್ರೆ ಕಡಿಮೆ ಹೊತ್ತು. ಹಾಗಾಗಿ ಇದು ಗಡಿಯಾರವೂ ಹೌದು, ಕ್ಯಾಲೆಂಡರೂ ಹೌದು. ರಾತ್ರಿ ದಿನದಿಂದ ದಿನಕ್ಕೆ ಉದ್ದವಾಗ್ತಿದೆ ಅಂದ್ರೆ ಚಳಿಗಾಲ ಬರ್ತಿದೆ ಅಂತ. ಈ ಕ್ಯಾಲೆಂಡರನ್ನ ಹೆಚ್ಚು ಗಮನ ಇಟ್ಟು ಓದೋದು ಸಂತಾನದ ವ್ಯವಸ್ಥೆ.

ಹ್ಯಾಮ್‌ಸ್ಟರ್ ಬಾಗಿಲು ಮುಚ್ಚುತ್ತೆ, ಟಗರು ತೆರೆಯುತ್ತೆ

1965ರಲ್ಲಿ ರೋಜರ್ ಹಾಫ್‌ಮನ್ ಮತ್ತು ರಸೆಲ್ ರೈಟರ್ ಅನ್ನೋ ಇಬ್ಬರು ಅಮೆರಿಕದಲ್ಲಿ ಗಂಡು ಹ್ಯಾಮ್‌ಸ್ಟರ್‌ಗಳ ಮೇಲೆ ಒಂದು ಪ್ರಯೋಗ ಮಾಡಿದ್ರು. ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಬೆಳಕು ಕೊಟ್ಟು, ಉಳಿದ ಹೊತ್ತು ಕತ್ತಲಲ್ಲಿಟ್ರು. ಕೆಲವು ವಾರಗಳಲ್ಲಿ ವೃಷಣಗಳು ಕುಗ್ಗಿಹೋದವು. ಈ ಜಾತಿಯಲ್ಲಿ ವೃಷಣದ ತೂಕ ಹತ್ತನೇ ಒಂದು ಭಾಗದ ಹತ್ತಿರಕ್ಕೆ ಇಳಿಯೋದುಂಟು. ಆದ್ರೆ ಪಿನಿಯಲ್ ಗ್ರಂಥಿಯನ್ನ ತೆಗೆದುಹಾಕಿದ್ದ ಹ್ಯಾಮ್‌ಸ್ಟರ್‌ಗಳಲ್ಲಿ ಏನೂ ಆಗ್ಲಿಲ್ಲ. ಅವುಗಳಿಗೆ ಕತ್ತಲಾಗಿದೆ ಅಂತ ಹೇಳೋರೇ ಇರ್ಲಿಲ್ಲ. ಗಂಡು ಸಸ್ತನಿಯ ಸಂತಾನಶಕ್ತಿಗೂ ಪಿನಿಯಲ್‌ಗೂ ಇರೋ ನಂಟು ಗಟ್ಟಿಯಾಗಿದ್ದು ಇಲ್ಲಿಂದ. ನಮ್ಮ ಪೀಣ್ಯದ ಹುಡುಗ ಮೊಬೈಲ್‌ನಲ್ಲಿ ಓದಿದ್ದು ಈ ಪ್ರಯೋಗದ ವಂಶದ್ದೇ ಯಾವುದೋ ಸುದ್ದಿ.

ಆದ್ರೆ ಆ ಸುದ್ದಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗೋ ಒಂದು ಮಾತಿದೆ. ಕುಗ್ಗಿದ ವೃಷಣ ಹಾಳಾಗಿರೋದಿಲ್ಲ, ರಜೆಯಲ್ಲಿರುತ್ತೆ. ಕತ್ತಲಲ್ಲೇ ಇಟ್ಟರೂ ಐದಾರು ತಿಂಗಳಾದ ಮೇಲೆ ತಾನೇ ಬೆಳೆದು ವೀರ್ಯ ತಯಾರಿಸೋಕೆ ಶುರು ಮಾಡುತ್ತೆ. ವಸಂತ ಬರೋ ಹೊತ್ತಿಗೆ ಸಿದ್ಧವಾಗಿರಬೇಕಲ್ಲ, ಅದಕ್ಕೆ.

ಈಗ ಟಗರಿಗೆ ಬನ್ನಿ. ಸ್ಕಾಟ್ಲೆಂಡಿನ ಸೊಯೇ ಅನ್ನೋ ತಳಿಯ ಟಗರುಗಳನ್ನ ಎಡಿನ್‌ಬರೋದ ಜೆರಾಲ್ಡ್ ಲಿಂಕನ್ ವರ್ಷಗಟ್ಟಲೆ ಅಭ್ಯಾಸ ಮಾಡಿದ್ರು. 16 ಗಂಟೆ ಬೆಳಕು ಕೊಟ್ಟಾಗ ಅವುಗಳ ವೃಷಣ ಸಣ್ಣದಾಗ್ತಿತ್ತು. ಬೆಳಕನ್ನ 8 ಗಂಟೆಗೆ ಇಳಿಸಿದ್ರೆ ವಾರ ಕಳೆದಂತೆ ದೊಡ್ಡದಾಗ್ತಿತ್ತು, ಟಗರುಗಳು ಒಂದಕ್ಕೊಂದು ಹಾಯೋದೂ ಜಾಸ್ತಿಯಾಗ್ತಿತ್ತು. ಹ್ಯಾಮ್‌ಸ್ಟರ್‌ಗೆ ಪೂರ್ತಿ ಉಲ್ಟಾ. ಇಲ್ಲೂ ಸುದ್ದಿ ತರೋದು ಮೆಲಟೋನಿನ್ನೇ. ಪಿನಿಯಲ್‌ಗೆ ಹೋಗೋ ನರದ ದಾರಿಯನ್ನ ಕತ್ತರಿಸಿದಾಗ ಟಗರಿಗೆ ಬೆಳಕಿನ ಲೆಕ್ಕ ತಪ್ಪಿಹೋಯ್ತು.

ಯಾಕೆ ಹೀಗೆ? ಗಬ್ಬದ ಲೆಕ್ಕ ಹಾಕಿ ನೋಡಿ. ಹ್ಯಾಮ್‌ಸ್ಟರ್ ಮರಿ ಹಾಕೋಕೆ 16 ದಿನ ಸಾಕು. ಮರಿಗೆ ಹಸಿರು ಸಿಗಬೇಕಾದ್ರೆ ಹಸಿರು ಇದ್ದಾಗಲೇ ಕೂಡಿದ್ರೂ ಆಗುತ್ತೆ. ಕುರಿಗೆ 150 ದಿನ, ಐದು ತಿಂಗಳು. ವಸಂತದಲ್ಲಿ ಮರಿ ಬೇಕಾದ್ರೆ ಹಿಂದಿನ ಶರತ್ಕಾಲದಲ್ಲೇ ಟಗರು ಸಿದ್ಧವಾಗಿರಬೇಕು, ಅಂದ್ರೆ ರಾತ್ರಿ ಉದ್ದವಾಗೋ ಕಾಲದಲ್ಲಿ. ಇಬ್ಬರಿಗೂ ಬರೋ ಕಾಗದ ಒಂದೇ, "ರಾತ್ರಿ ಉದ್ದವಾಗಿದೆ" ಅಂತ. ಅದನ್ನ ಓದಿ ಒಬ್ಬ ಅಂಗಡಿ ಮುಚ್ತಾನೆ, ಇನ್ನೊಬ್ಬ ತೆರೀತಾನೆ.

ಒಳಗಿನ ದಾರಿ ಹೇಗಿದೆ ಅಂತ ಎರಡು ಮಾತಲ್ಲಿ ಹೇಳಿಬಿಡ್ತೀನಿ. ಮೆಲಟೋನಿನ್ ಮೊದಲು ತಟ್ಟೋದು ಪಿಟ್ಯುಟರಿ ಗ್ರಂಥಿಯ ಮೇಲ್ತುದಿಯ ಒಂದು ಪಟ್ಟಿಯನ್ನ. ಅಲ್ಲಿಂದ ಸುದ್ದಿ ಹೈಪೋಥಲಾಮಸ್‌ಗೆ ಹೋಗಿ, ಕಿಸ್‌ಪೆಪ್ಟಿನ್ ಅನ್ನೋ ರಾಸಾಯನಿಕ ತಯಾರಿಸೋ ನರಕೋಶಗಳನ್ನ ಏರಿಸುತ್ತೆ ಇಲ್ಲವೇ ಇಳಿಸುತ್ತೆ. ಅದರ ಪ್ರಕಾರ ವೃಷಣಕ್ಕೆ ಹೋಗೋ ಹಾರ್ಮೋನುಗಳು ಹೆಚ್ಚು ಕಡಿಮೆಯಾಗಿ, ಟೆಸ್ಟೋಸ್ಟಿರೋನ್ ಮತ್ತು ವೀರ್ಯಾಣು ಏರಿಳಿಯುತ್ತವೆ. ಇದಲ್ಲದೆ ವೃಷಣದ ಜೀವಕೋಶಗಳ ಮೇಲೂ ಮೆಲಟೋನಿನ್ ಹಿಡಿಯೋ ಗ್ರಾಹಕಗಳಿವೆ. ಟಗರಿನ ವೃಷಣವೇ ಒಂದಿಷ್ಟು ಮೆಲಟೋನಿನ್ ತಯಾರಿಸಿಕೊಳ್ಳುತ್ತೆ ಅಂತ ಸ್ಪೇನಿನ ಸಾರಗೋಸದ ಸಂಶೋಧಕರು ತೋರಿಸಿದ್ದಾರೆ.

ಭಾರತದಲ್ಲೂ ಈ ಕೆಲಸ ನಡೆದಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಚಂದನಾ ಹಲ್ದಾರ್ ಅವರ ತಂಡ ಐದು ಪಟ್ಟೆಯ ಅಳಿಲನ್ನ ಇಟ್ಟುಕೊಂಡು ಪಿನಿಯಲ್‌ಗೂ ಸಂತಾನದ ಋತುವಿಗೂ ಇರೋ ಸಂಬಂಧವನ್ನ ದಶಕಗಳ ಕಾಲ ಅಭ್ಯಾಸ ಮಾಡಿತು. ನಮ್ಮ ಮನೆ ಕಾಂಪೌಂಡ್ ಮೇಲೆ ಓಡೋ ಮೂರು ಪಟ್ಟೆ ಅಳಿಲಿನ ಹತ್ತಿರದ ನೆಂಟ ಅದು.

ಬೆಂಗಳೂರಿನ ಹಗಲು ಎಷ್ಟು ಬದಲಾಗುತ್ತೆ?

ಹಾಗಾದ್ರೆ ನಮ್ಮ ಟಗರಿಗೆ ಹಾಕಿಸೋಣವಾ? ಅದಕ್ಕೆ ಮೊದಲು ಒಂದು ಲೆಕ್ಕ. ಎಡಿನ್‌ಬರೋದಲ್ಲಿ ಜೂನ್ ತಿಂಗಳ ಉದ್ದನೆಯ ಹಗಲು ಸುಮಾರು ಹದಿನೇಳೂವರೆ ಗಂಟೆ, ಡಿಸೆಂಬರ್‌ನಲ್ಲಿ ಏಳು ಗಂಟೆ. ವ್ಯತ್ಯಾಸ ಹತ್ತು ಗಂಟೆಗೂ ಮೇಲೆ. ಬೆಂಗಳೂರು ಸಮಭಾಜಕದಿಂದ 13 ಡಿಗ್ರಿ ಉತ್ತರಕ್ಕಿದೆ. ಇಲ್ಲಿ ಜೂನ್‌ನಲ್ಲಿ ಹಗಲು 12 ಗಂಟೆ 50 ನಿಮಿಷದ ಆಸುಪಾಸು, ಡಿಸೆಂಬರ್‌ನಲ್ಲಿ 11 ಗಂಟೆ 20 ನಿಮಿಷದ ಆಸುಪಾಸು. ವರ್ಷವಿಡೀ ಸೇರಿ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ.

ಅಲ್ಲಿ ಆಕಾಶ ಕೂಗಿ ಹೇಳೋದನ್ನ ಇಲ್ಲಿ ಪಿಸುಗುಟ್ಟುತ್ತೆ. ಅದಕ್ಕೇ ನಮ್ಮ ಬಂಡೂರು ಕುರಿ, ಬಳ್ಳಾರಿ ಕುರಿ, ಡೆಕ್ಕನಿ ಕುರಿ ಇವೆಲ್ಲಾ ಯುರೋಪಿನ ಕುರಿಗಳ ಹಾಗೆ ಕಟ್ಟುನಿಟ್ಟಾಗಿ ಋತು ಹಿಡಿದು ಕೂತಿಲ್ಲ. ವರ್ಷದಲ್ಲಿ ಯಾವಾಗ ಬೇಕಾದ್ರೂ ಮರಿ ಹಾಕೋದುಂಟು. ಇಲ್ಲಿ ಋತು ತಿಳಿಸೋದು ಹೆಚ್ಚಾಗಿ ಮಳೆ. ಮಳೆ ಬಿತ್ತು, ಹುಲ್ಲು ಬಂತು, ಕುರಿ ಮೈ ತುಂಬಿಕೊಳ್ತು, ಬೆದೆಗೆ ಬಂತು. ನಮ್ಮ ಕುರುಬರಿಗೆ ಇದು ಯಾರೂ ಹೇಳಿಕೊಡಬೇಕಾದ ವಿಷಯ ಅಲ್ಲ.

ಎಮ್ಮೆ ಕೋಣಗಳ ಕಥೆ ಸ್ವಲ್ಪ ಬೇರೆ. ಅವು ಹಗಲು ಗಿಡ್ಡವಾಗೋ ಕಾಲಕ್ಕೆ ಹೆಚ್ಚು ಓಗೊಡೋ ಪ್ರಾಣಿಗಳು, ಉತ್ತರ ಭಾರತದಲ್ಲಿ ಅದು ಎದ್ದು ಕಾಣುತ್ತೆ. ಅಲ್ಲಿ ಬೇಸಿಗೆಯಲ್ಲಿ ಬೆದೆಗೆ ಬಾರದ ಎಮ್ಮೆಗಳಿಗೆ ಮೆಲಟೋನಿನ್ ಕೊಟ್ಟು ನೋಡಿರೋ ಪ್ರಯೋಗಗಳೂ ಇವೆ.

ಹೊರದೇಶದಲ್ಲಿ ಕುರಿಗೆ ಹಾಕೋದು 18 ಮಿಲಿಗ್ರಾಂ ಮೆಲಟೋನಿನ್ ಇರೋ ಪುಟ್ಟ ಗುಳಿಗೆ. ಕಿವಿಯ ಬುಡದಲ್ಲಿ ಚರ್ಮದ ಕೆಳಗೆ ಸೇರಿಸ್ತಾರೆ. ಅದು ನಿಧಾನಕ್ಕೆ ಕರಗ್ತಾ, ಬೇಸಿಗೆಯ ಉದ್ದ ಹಗಲಿನ ನಡುವೆಯೂ "ರಾತ್ರಿ ಉದ್ದವಾಗಿದೆ" ಅಂತ ಮೈಯನ್ನ ನಂಬಿಸುತ್ತೆ. ಕೂಡೋ ಕಾಲ ಒಂದೆರಡು ತಿಂಗಳು ಮುಂಚೆಯೇ ಶುರುವಾಗುತ್ತೆ. ಅದು ಶಕ್ತಿಮದ್ದಲ್ಲ, ಕ್ಯಾಲೆಂಡರಿನ ಹಾಳೆಯನ್ನ ಮುಂಚೆಯೇ ಹರಿಯೋ ಉಪಾಯ. ಕ್ಯಾಲೆಂಡರ್ ನೋಡಿ ನಡೆಯದ ಟಗರಿಗೆ ಹಾಳೆ ಹರಿದು ಏನು ಪ್ರಯೋಜನ?

ಹಾಗಾಗಿ ಹೆಸರಘಟ್ಟದ ಅಣ್ಣನಿಗೆ ನನ್ನ ಉತ್ತರ: ಆ ದುಡ್ಡನ್ನ ಮೇವಿಗೆ ಹಾಕಿ. ಟಗರಿನಲ್ಲಿ ಒಂದು ವೀರ್ಯಾಣು ತಯಾರಾಗೋಕೆ ಹತ್ತಿರ ಹತ್ತಿರ ಏಳು ವಾರ ಬೇಕು, ಆಮೇಲೆ ಹೊರಗೆ ಬರೋ ದಾರಿಯಲ್ಲಿ ಮತ್ತಷ್ಟು ದಿನ. ಅಂದ್ರೆ ಇವತ್ತು ಬಂದ ಜ್ವರದ ಪೆಟ್ಟು, ಇವತ್ತಿನ ಬಿಸಿಲಿನ ಪೆಟ್ಟು ಕಾಣಿಸಿಕೊಳ್ಳೋದು ಎಷ್ಟೋ ವಾರಗಳ ಮೇಲೆ. ಟಗರನ್ನ ಬಿಡೋ ಎರಡು ತಿಂಗಳು ಮುಂಚಿನಿಂದ ಒಳ್ಳೆ ಮೇವು ಕೊಡಿ, ಮಧ್ಯಾಹ್ನ ನೆರಳಲ್ಲಿ ಕಟ್ಟಿ, ಗಾಳಿಯಾಡದ ತಗಡಿನ ಶೆಡ್ಡಿನಲ್ಲಿ ಕೂಡಬೇಡಿ. ಟೇಪು ಹಿಡಿದು ವೃಷಣದ ಸುತ್ತಳತೆ ನೋಡಿಸಿ, ಪಶುವೈದ್ಯರಿಂದ ಒಮ್ಮೆ ವೀರ್ಯ ಪರೀಕ್ಷೆ ಮಾಡಿಸಿ. ಮೈಕಟ್ಟು ನೋಡಿ ಮಾರುಹೋಗಬೇಡಿ. ಭರ್ಜರಿ ಕೊಂಬಿನ ಟಗರಿನಲ್ಲೂ ವೀರ್ಯ ಸೋತಿರಬಹುದು.

ಹೆಪ್ಪುಗಟ್ಟಿಸಿದ ವೀರ್ಯ

ಹೆಸರಘಟ್ಟದ ಹೆಸರು ಬಂತಲ್ಲ, ಅಲ್ಲಿನದೇ ಇನ್ನೊಂದು ವಿಷಯ ಹೇಳಬೇಕು. ಡೆನ್ಮಾರ್ಕಿನ ನೆರವಿನಿಂದ 1969ರಲ್ಲಿ ಶುರುವಾದ ಕೇಂದ್ರೀಯ ಘನೀಕೃತ ವೀರ್ಯ ಉತ್ಪಾದನಾ ಮತ್ತು ತರಬೇತಿ ಸಂಸ್ಥೆ ಇರೋದು ಅಲ್ಲೇ. ಹಳ್ಳಿಯಲ್ಲಿ ಹಸುಗೆ "ಇಂಜೆಕ್ಷನ್ ಹಾಕಿಸೋದು" ಅಂತೀವಲ್ಲ, ಅದಕ್ಕೆ ಬೇಕಾದ ಹೋರಿಯ ವೀರ್ಯವನ್ನ ಇಂಥ ಕಡೆ ಸಣ್ಣ ಸ್ಟ್ರಾಗಳಲ್ಲಿ ತುಂಬಿ, ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗೆ ಇಡ್ತಾರೆ.

ಹೆಪ್ಪುಗಟ್ಟಿ ಮತ್ತೆ ಕರಗುವಾಗ ವೀರ್ಯಾಣುಗಳಲ್ಲಿ ದೊಡ್ಡ ಪಾಲು ಸತ್ತುಹೋಗುತ್ತೆ. ವೀರ್ಯಾಣುವಿನ ಹೊರಪೊರೆಯಲ್ಲಿ ಬೇಗ ಕೆಡೋ ಕೊಬ್ಬು ಜಾಸ್ತಿ. ಆಮ್ಲಜನಕದ ಪುಂಡ ಕಣಗಳು ಅದನ್ನ ಕೆಡಿಸುತ್ತವೆ, ಎಣ್ಣೆ ಕಮಟು ಹಿಡಿಯೋ ಹಾಗೆ. ಆ ಕಣಗಳನ್ನ ತಣ್ಣಗಾಗಿಸೋ ಗುಣ ಮೆಲಟೋನಿನ್‌ಗಿದೆ. ಅದಕ್ಕೇ ಹೋರಿ, ಕೋಣ, ಟಗರು, ಹೋತಗಳ ವೀರ್ಯಕ್ಕೆ ಹೆಪ್ಪುಗಟ್ಟಿಸೋ ಮುಂಚೆ ಮೆಲಟೋನಿನ್ ಬೆರೆಸಿ ನೋಡಿದ್ದಾರೆ. ಸರಿಯಾದ ಪ್ರಮಾಣದಲ್ಲಿ ಹಾಕಿದಾಗ ಚಲನೆ ಸುಧಾರಿಸಿದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ, ಹೆಚ್ಚಾದ್ರೆ ಲಾಭ ಇಲ್ಲ, ಕೆಲವೊಮ್ಮೆ ನಷ್ಟ. ಗಮನಿಸಿ, ಇಲ್ಲಿ ಅದು ಕತ್ತಲಿನ ಸುದ್ದಿಗಾರನಾಗಿ ಬಂದಿಲ್ಲ, ಕಾವಲುಗಾರನಾಗಿ ಬಂದಿದೆ. ಪ್ರಯೋಗಾಲಯದ ಸ್ಟ್ರಾದಲ್ಲಿ ಒಳ್ಳೇದಾಯ್ತು ಅಂದ ಮಾತ್ರಕ್ಕೆ ನುಂಗಿದ್ರೂ ಒಳ್ಳೇದಾಗುತ್ತೆ ಅಂತ ಅಲ್ಲ.

ಮನುಷ್ಯರ ಮಾತು

ಈಗ ಪೀಣ್ಯದ ಹುಡುಗನಿಗೆ. ತಮ್ಮಾ, ನಾನು ದನದ ಡಾಕ್ಟರು. ನಿಮಗೆ ಔಷಧಿ ಹೇಳೋ ಹಕ್ಕು ನನಗಿಲ್ಲ. ಆದ್ರೆ ಓದಿ ತಿಳಿದದ್ದನ್ನ ಹೇಳಬಹುದು.

ಮನುಷ್ಯ ಹ್ಯಾಮ್‌ಸ್ಟರ್ ಅಲ್ಲ. ನಮ್ಮ ಗಂಡಸರಲ್ಲಿ ವೃಷಣ ಋತುವಿಗೊಮ್ಮೆ ಕುಗ್ಗಿ ಬೆಳೆಯೋದಿಲ್ಲ. ಆ ಸುದ್ದಿ ಓದಿ ಹೆದರಬೇಕಾಗಿಲ್ಲ. ಹಾಗಂತ ಮಾತ್ರೆ ಏನೂ ಮಾಡಲ್ಲ ಅಂತ ಕೈ ಬೀಸೋಕೂ ಆಗಲ್ಲ. ಇಸ್ರೇಲಿನಲ್ಲಿ ಲುಬೊಶಿಟ್ಸ್‌ಕಿ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಎಂಟು ಜನ ಆರೋಗ್ಯವಂತ ಗಂಡಸರಿಗೆ ದಿನಕ್ಕೆ 3 ಮಿಲಿಗ್ರಾಂನಂತೆ ಕೆಲವು ತಿಂಗಳು ಕೊಟ್ರು. ಆರು ಜನರಿಗೆ ಏನೂ ಆಗ್ಲಿಲ್ಲ. ಇಬ್ಬರಲ್ಲಿ ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಇಳಿಯಿತು. ಎಂಟು ಜನ ಅಂದ್ರೆ ಬಹಳ ಸಣ್ಣ ಗುಂಪು, ಅದರಿಂದ ತೀರ್ಪು ಕೊಡೋಕಾಗಲ್ಲ. ಆದ್ರೆ ಮಗುವಿಗಾಗಿ ಕಾಯ್ತಾ ಇರೋ ಗಂಡಸು ತಿಂಗಳುಗಟ್ಟಲೆ ತನ್ನಷ್ಟಕ್ಕೆ ತಾನೇ ನುಂಗಬಾರದು ಅನ್ನೋಕೆ ಅಷ್ಟು ಸಾಕು. ಡಾಕ್ಟರಿಗೆ ಹೇಳಿ ತಗೊಳ್ಳಿ, ಇಲ್ಲಾಂದ್ರೆ ಬಿಡಿ.

ಇನ್ನೊಂದು ವಿಷಯ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಮೆಲಟೋನಿನ್ ಗಮ್ಮಿಗಳನ್ನ ಪರೀಕ್ಷೆ ಮಾಡಿದಾಗ 22ರಲ್ಲಿ ಲೇಬಲ್ಲಿಗೂ ಒಳಗಿನ ಸರಕಿಗೂ ತಾಳೆಯಾಗ್ಲಿಲ್ಲ. ಒಂದರಲ್ಲಿ ಬರೆದಿದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಇತ್ತು, ಇನ್ನೊಂದರಲ್ಲಿ ಮೆಲಟೋನಿನ್ನೇ ಇರ್ಲಿಲ್ಲ. ಇಷ್ಟು ಮಿಲಿಗ್ರಾಂ ಅಂತ ಡಬ್ಬಿ ಮೇಲೆ ಬರೆದಿದ್ರೆ ಅಷ್ಟೇ ಇದೆ ಅಂತ ನಂಬೋದು ಕಷ್ಟ.

ನೈಟ್ ಶಿಫ್ಟು ಗಂಡಸಿನ ಸಂತಾನಶಕ್ತಿಗೆ ಎಷ್ಟು ಪೆಟ್ಟು ಕೊಡುತ್ತೆ ಅನ್ನೋದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳಲ್ಲ. ಆದ್ರೆ ರಾತ್ರಿ ಕಣ್ಣಿಗೆ ಬೀಳೋ ಬಿಳಿ, ನೀಲಿ ಬೆಳಕು ಮೆಲಟೋನಿನ್ನನ್ನ ಅದುಮುತ್ತೆ ಅನ್ನೋದರಲ್ಲಿ ಅನುಮಾನ ಇಲ್ಲ. ಹಗಲು ಮಲಗೋರು ಕಿಟಕಿಗೆ ದಪ್ಪ ಪರದೆ ಹಾಕಿ, ಕೋಣೆಯನ್ನ ಪೂರ್ತಿ ಕತ್ತಲು ಮಾಡಿ. ಶಿಫ್ಟ್ ಮುಗಿಸಿ ಬಂದು ಒಂದು ಗಂಟೆ ಮೊಬೈಲ್ ನೋಡಿ ಆಮೇಲೆ ಮಾತ್ರೆ ನುಂಗೋದು, ಎರಡೂ ನಲ್ಲಿ ಬಿಟ್ಟು ಟ್ಯಾಂಕ್ ತುಂಬಿಸೋ ಹಾಗೆ. ಕುಲುಮೆಯ ಮುಂದೆ ನಿಂತು ಕೆಲಸ ಮಾಡೋರು ಶಾಖದ ಬಗ್ಗೆಯೂ ಡಾಕ್ಟರಿಗೆ ಹೇಳಿ. ವೃಷಣ ಮೈಯಿಂದ ಹೊರಗೆ ಜೋತಿರೋದೇ ಮೈಗಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು ಅಂತ.

ಕೊನೇದಾಗಿ, ಇದು ಅವರೊಬ್ಬರಿಗೆ ಅಲ್ಲ, ಅವರ ತಾಯಿಗೆ, ಅತ್ತೆ ಮಾವಂದಿರಿಗೆ, ನಮ್ಮೆಲ್ಲರಿಗೆ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಸೇರಿರುತ್ತೆ. ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ಆಪರೇಷನ್ ಇಲ್ಲ, ಖರ್ಚೂ ಕಡಿಮೆ. ಹೆಣ್ಣಿಗೆ ಸ್ಕ್ಯಾನು, ಇಂಜೆಕ್ಷನ್ನು, ಹರಕೆ, ಉಪವಾಸ ಎಲ್ಲಾ ಮಾಡಿಸಿ ಎರಡು ವರ್ಷ ಕಳೆದ ಮೇಲೆ ಗಂಡಿನ ಪರೀಕ್ಷೆ ನೆನಪಾಗೋದು ನ್ಯಾಯವಲ್ಲ. ಒಂದು ವರ್ಷ ಪ್ರಯತ್ನಪಟ್ಟೂ ಆಗದಿದ್ರೆ ಇಬ್ಬರೂ ಒಟ್ಟಿಗೇ ಹೋಗಿ. ಮೊದಲ ರಿಪೋರ್ಟ್ ಚೆನ್ನಾಗಿರದಿದ್ರೂ ಎದೆಗುಂದಬೇಡಿ. ಮನುಷ್ಯರಲ್ಲಿ ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳ ಹತ್ತಿರ ಬೇಕು, ಅಷ್ಟು ಕಾಲ ಬಿಟ್ಟು ಮತ್ತೊಮ್ಮೆ ಮಾಡಿಸಿ ಅಂತ ಡಾಕ್ಟರು ಹೇಳಬಹುದು.

ಕುರಿ ಕಟ್ಟೋರು ಮರಿ ಆಗದಿದ್ರೆ ಮೊದಲು ಟಗರನ್ನ ನೋಡ್ತಾರೆ. ಒಂದು ಟಗರು ಸೋತ್ರೆ ಇಡೀ ಹಿಂಡಿನ ವರ್ಷ ಹೋಯ್ತು ಅಂತ ಅವರಿಗೆ ಗೊತ್ತು. ಕೊಟ್ಟಿಗೆಯಲ್ಲಿರೋ ಈ ತಿಳಿವಳಿಕೆ ಮನೆಯೊಳಗೂ ಬರಲಿ.

ನಿಮ್ಮ ಪ್ರಶ್ನೆಗಳನ್ನ ಕಳಿಸ್ತಾ ಇರಿ, ಹೆಸರು ಹೇಳಬೇಡಿ ಅಂದ್ರೆ ಹೇಳಲ್ಲ. ಮುಂದಿನ ವಾರ ಮಳೆಗಾಲದಲ್ಲಿ ದನಗಳಿಗೆ ಬರೋ ಗಂಟಲುಬೇನೆಯ ಬಗ್ಗೆ ಮಾತಾಡೋಣ.